ಇಳಕಲ್ ಮಗ್ಗದ ಮುಂದೆ ಮೈಕ್ ಹಿಡಿದಾಗ

ಕೋರ್ಸಿಗೆ ಕಿರುಚಿತ್ರ ಮಾಡಬೇಕಾದವರಿಗೆ ಈ ಟಿಪ್ಪಣಿ. ನಾವು ನಾಲ್ಕು ಜನ ಸೇರಿ ಇಳಕಲ್ ಸೀರೆ ನೇಯುವ ಕಾಕಾ ಒಬ್ಬರ ಬಗ್ಗೆ 7 ನಿಮಿಷದ ಸಿನಿಮಾ ಮಾಡಿದೆವು. ಯಾರ ಮೊಬೈಲ್ ಕ್ಯಾಮೆರಾ ಒಳ್ಳೇದು ಅಂತ ಒಂದು ವಾರ ಜಗಳಾಡಿದ್ದೆವು. ಸದ್ದಿನ ಬಗ್ಗೆ ಮಾತು ಬಂದದ್ದು ಬಾಗಲಕೋಟೆಯಿಂದ ಹೊರಟ ಬಸ್ಸು ಹುನಗುಂದ ದಾಟಿದ ಮೇಲೆ, ಅದೂ ಇಯರ್‌ಫೋನ್ ಯಾರೂ ತಂದಿಲ್ಲ ಅಂತ ಗೊತ್ತಾದಾಗ.

ಕ್ಯಾಮೆರಾದ ವಿಷಯದಲ್ಲಿ ಆದ ತಪ್ಪು ಬೇಗ ಹೇಳಿ ಮುಗಿಸುತ್ತೇನೆ. ಮಗ್ಗದ ಮೇಲೆ ಟ್ಯೂಬ್‌ಲೈಟ್ ಇತ್ತು, ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಓಡಾಡುತ್ತಿದ್ದವು. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡ್ ಇದ್ದರೆ ಪಟ್ಟಿ ಬರುತ್ತದೆ, 1/50 ಅಥವಾ 1/100 ಇಟ್ಟರೆ ಹೋಗುತ್ತದೆ. ಮೊಬೈಲ್ ತಾನೇ ಆರಿಸಿಕೊಳ್ಳಲು ಬಿಡಬೇಡಿ.

ಈಗ ಸದ್ದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತಾರೆ. ನಮ್ಮ ಸಿನಿಮಾದ ಮುಖ್ಯ ದೃಶ್ಯ ಅದೇ. ಆಗ ಮಗ್ಗ ನಿಂತಿರುತ್ತದೆ, ಬೆರಳು ಮಾತ್ರ ಆಡುತ್ತವೆ. ಎಷ್ಟು ಚಂದದ ಮೌನ ಅಂದುಕೊಂಡು ಶೂಟ್ ಮಾಡಿದೆವು. ರೂಮಿಗೆ ಬಂದು ಕೇಳಿದರೆ ಅಲ್ಲಿ ಮೌನವೇ ಇಲ್ಲ, ಹಿಂದಿನ ಓಣಿಯ ಪವರ್‌ಲೂಮ್ (ಕರೆಂಟಿನ ಮಗ್ಗ) ಗಡಗಡ ಅನ್ನುತ್ತಿದೆ!

ಇದು ಯಾಕಾಯಿತು ಅಂದರೆ, ಮೊಬೈಲಿನಲ್ಲಿ ಸದ್ದಿನ ಮಟ್ಟವನ್ನು ತಾನಾಗಿಯೇ ಸರಿಮಾಡುವ ಏರ್ಪಾಟು ಇರುತ್ತದೆ, ಆಟೋ ಗೇನ್ ಅಂತಾರೆ. ಹತ್ತಿರದಲ್ಲಿ ಜೋರು ಸದ್ದಿದ್ದರೆ ತಗ್ಗಿಸುತ್ತದೆ, ಎಲ್ಲ ಸುಮ್ಮನಾದರೆ ಏನಾದರೂ ಸಿಗುತ್ತಾ ಅಂತ ಕಿವಿ ಅಗಲಿಸಿ ದೂರದ್ದನ್ನೂ ಎಳೆದು ತರುತ್ತದೆ. ಮಗ್ಗ ನಡೆಯುವಾಗ ಅಡಗಿದ್ದ ಪವರ್‌ಲೂಮ್ ಕೊಂಡಿಯ ಹೊತ್ತಿಗೆ ಮುಂದೆ ಬಂದು ಕೂತಿತು. ಗೇನ್ ಅನ್ನು ನಾವೇ ಒಂದು ಮಟ್ಟಕ್ಕೆ ನಿಲ್ಲಿಸುವ ಆ್ಯಪ್ ಹಾಕಿಕೊಳ್ಳಿ, ಮೈಕನ್ನು ಕೈಯಷ್ಟು ದೂರದೊಳಗೆ ಇಡಿ, ಫ್ಯಾನ್ ಆರಿಸಿ. (ಏಪ್ರಿಲ್‌ನಲ್ಲಿ ಇಳಕಲ್ಲಿನಲ್ಲಿ ಫ್ಯಾನ್ ಆರಿಸಿ ಅಂತ ಮನೆಯವರಿಗೆ ಹೇಳುವುದು ಸುಲಭ ಅಲ್ಲ, ಮಜ್ಜಿಗೆ ಕೊಟ್ಟವರಿಗಂತೂ ಇನ್ನೂ ಕಷ್ಟ.) ಇನ್ನೊಂದು, ಯಾರೂ ಮಾತಾಡದೆ ಅರ್ಧ ನಿಮಿಷ ಆ ಕೋಣೆಯ ಖಾಲಿ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಅದು ರೂಮ್ ಟೋನ್. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಬೇಕೇ ಬೇಕು. ನಾವು ಮಾಡಿರಲಿಲ್ಲ.

ಆದರೆ ದೊಡ್ಡ ತಪ್ಪು ಎಡಿಟಿಂಗ್‌ನಲ್ಲೇ ಆಯಿತು, ಮತ್ತು ಅದು ನಮಗೆ ಯಾರಿಗೂ ತಪ್ಪು ಅನಿಸಲೇ ಇಲ್ಲ. ಲಾಳಿ (ಅಡ್ಡ ಎಳೆಯನ್ನು ಆಚೀಚೆ ಒಯ್ಯುವ ಸಾಧನ) ಓಡಿಸುವ ಕೈ, ಆಮೇಲೆ ಮುಖ, ಆಮೇಲೆ ಕಾಲು, ಹೀಗೆ ಶಾಟ್ ಜೋಡಿಸುತ್ತಾ ಹೋದೆವು. ಚಿತ್ರ ಎಲ್ಲಿ ಕತ್ತರಿಸಿದೆವೋ ಸದ್ದೂ ಅಲ್ಲೇ ಕತ್ತರಿಸಿತು. ಸದ್ದು ಸಾಕಾಗದ ಕಡೆ ಹಿಂದಿನ ತುಂಡನ್ನೇ ಕಾಪಿ ಮಾಡಿ ಅಂಟಿಸಿದೆವು. ತರಗತಿಯಲ್ಲಿ ಚಪ್ಪಾಳೆ ಬಿತ್ತು. ಖುಷಿಯಲ್ಲಿ ಇಳಕಲ್ಲಿಗೆ ಹೋಗಿ ಕಾಕಾಗೆ ತೋರಿಸಿದೆವು. ಎರಡನೇ ನಿಮಿಷಕ್ಕೆ ಅವರು ಕೈ ಎತ್ತಿ ನಿಲ್ಲಿಸಿದರು.

"ತಮ್ಮಾ, ನಡುವ ಬಡದೇ ಇಲ್ಲಲ್ಲ?"

ನಮಗೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಾಲಲ್ಲಿ ತುಳಿದರೆ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಅದರೊಳಗೆ ಲಾಳಿ ಓಡಿ ಆ ಕಡೆ ಟಕ್ ಅನ್ನುತ್ತದೆ, ಆಮೇಲೆ ಫಣಿ (ಬಾಚಣಿಗೆಯಂಥ ಚೌಕಟ್ಟು) ಎಳೆದು ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಧಡ್ ಅಂತ ಬಡಿಯಬೇಕು. ಟಕ್, ಧಡ್. ನಮ್ಮ ಸಿನಿಮಾದಲ್ಲಿ ಒಂದು ಕಡೆ ಟಕ್, ಟಕ್ ಅಂತ ಎರಡು ಸಲ ಬಂದು ಧಡ್ ಮಾಯವಾಗಿತ್ತು. ನಮಗೆ ಅದು ಹಿನ್ನೆಲೆ ಸದ್ದು. ಅವರಿಗೆ ಅದು ಬಡಿಯದೆ ಬಿಟ್ಟ ಎಳೆ, ಅಂದರೆ ಕೆಟ್ಟ ಸೀರೆ.

ವಾಪಸ್ ಬಂದು ಕೆಲಸ ಉಲ್ಟಾ ಮಾಡಿದೆವು. ಎರಡು ನಿಮಿಷ ಎಲ್ಲೂ ತುಂಡಾಗದ ಮಗ್ಗದ ಸದ್ದನ್ನು ಮೊದಲು ಹಾಸಿಕೊಂಡು, ಅದರ ಮೇಲೆ ಚಿತ್ರಗಳನ್ನು ಕೂರಿಸಿದೆವು. ಇದರಲ್ಲಿ ಎರಡು ಉಪಾಯ ಕೈಹಿಡಿದವು. ಮುಂದಿನ ದೃಶ್ಯದ ಸದ್ದು ಚಿತ್ರಕ್ಕಿಂತ ಮೊದಲೇ ಕೇಳಿಸುವಂತೆ ಮಾಡುವುದು ಜೆ ಕಟ್. ಹಿಂದಿನ ದೃಶ್ಯದ ಸದ್ದು ಹೊಸ ಚಿತ್ರದ ಮೇಲೂ ಮುಂದುವರಿದರೆ ಎಲ್ ಕಟ್. ಟೈಮ್‌ಲೈನಿನಲ್ಲಿ (ಎಡಿಟಿಂಗ್ ಪರದೆಯಲ್ಲಿ ಚಿತ್ರ ಮೇಲೆ, ಸದ್ದು ಕೆಳಗೆ ಸಾಲಾಗಿ ಕಾಣುವ ಪಟ್ಟಿ) ತುಂಡುಗಳು ಆ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತವೆ, ಅದಕ್ಕೇ ಆ ಹೆಸರು. ಕಾಕಾನ ಮುಖ ತೋರಿಸುವಾಗಲೂ ಮಗ್ಗ ನಿಲ್ಲಲಿಲ್ಲ. ಕೈ ಕಾಣುವ ಶಾಟ್‌ಗಳಲ್ಲಿ ಮಾತ್ರ ಬಡಿತ ನೋಡಿ ಒಂದೊಂದೇ ಫ್ರೇಮ್ ಸರಿಸಬೇಕಾಯಿತು. ಸೆಕೆಂಡಿಗೆ 25 ಫ್ರೇಮ್ ಇಟ್ಟಿದ್ದೆವು, ಎರಡು ಫ್ರೇಮ್ ಆಚೀಚೆ ಆದರೂ ಕೈ ಬೇರೆ ಸದ್ದು ಬೇರೆ ಅನ್ನಿಸುತ್ತಿತ್ತು. ಎರಡು ರಾತ್ರಿ ಹೋಯಿತು, ಇಂಟರ್‌ವ್ಯೂನ ಅರ್ಧ ಮಾತೂ ಹೋಯಿತು. ಅದರ ಬಗ್ಗೆ ನನಗೆ ಬೇಜಾರಿಲ್ಲ, ಟೀಮಿನಲ್ಲಿ ಒಬ್ಬನಿಗೆ ಇನ್ನೂ ಇದೆ.

ಮತ್ತೆ ಹೋಗಿ ತೋರಿಸಿದೆವು. ಈ ಸಲ ಕಾಕಾ ಪೂರ್ತಿ ನೋಡಿದರು. "ಬಡತ ಸರಿ ಐತಿ," ಅಂದರು. ಆಮೇಲೆ ಸ್ವಲ್ಪ ತಡೆದು, "ಆದ್ರ ಇದು ನನ್ನ ಮಗ್ಗ ಅಲ್ಲಲ್ಲೋ?"

ಹೌದು, ಅಲ್ಲ. ಅವರ ಮನೆಯಲ್ಲಿ ಪವರ್‌ಲೂಮ್ ಕೇಳಿಸುತ್ತದೆ ಅಂತ ಆ ಎರಡು ನಿಮಿಷವನ್ನು ನಾವು ನಾಲ್ಕು ಮನೆ ಆಚೆ ರೆಕಾರ್ಡ್ ಮಾಡಿದ್ದೆವು. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದೆವು. ಯಾರ ಮನೆಯ ಮಗ್ಗ ಅಂತಲೂ ಕಾಕಾನೇ ಹೇಳಿದರು. ಬದಲಾಯಿಸಲು ಟೈಮ್ ಇರಲಿಲ್ಲ, ಕೊನೆಗೆ ಬರುವ ಹೆಸರುಗಳಲ್ಲಿ ಆ ಮನೆಯವರ ಹೆಸರನ್ನೂ ಸೇರಿಸಿ ಕೊಟ್ಟೆವು.