ಲಿಲೋ ‘ಎಲ್-ಐ’ ಎಂದು ನಿಂತಾಗ: ಡೆಸ್ಕ್‌ಟಾಪ್ ಲಿನಕ್ಸ್‌ನ ಆರಂಭದ ವರ್ಷಗಳು

ಹಳೆಯ ಲಿನಕ್ಸ್ ಬಳಕೆದಾರರು ಸೇರಿದರೆ ಸ್ಲ್ಯಾಕ್‌ವೇರ್, ರೆಡ್ ಹ್ಯಾಟ್, ಮ್ಯಾಂಡ್ರೇಕ್ ಎಂದು ಲಿನಕ್ಸ್‌ನ ಬಗೆಬಗೆಯ ಆವೃತ್ತಿಗಳ ಮಾತು ಶುರುವಾಗಿ, ಐದೇ ನಿಮಿಷದಲ್ಲಿ ಬೂಟ್ ಆಗದ ಯಂತ್ರದ ಕಡೆಗೆ ಹೊರಳುತ್ತದೆ. ಆ ತೊಡಕುಗಳಲ್ಲಿ ಹೆಚ್ಚಿನವು ಲಿನಕ್ಸ್‌ನವಲ್ಲ, ಆ ಕಾಲದ ಪಿಸಿಯವು.

1993ರಲ್ಲಿ ಬಂದ ಸ್ಲ್ಯಾಕ್‌ವೇರ್ ಅನ್ನು ಫ್ಲಾಪಿಗಳ ಕಟ್ಟಿನಿಂದಲೇ ಹಾಕಿಕೊಳ್ಳಬಹುದಿತ್ತು. ನಡುವೆ ಒಂದು ಫ್ಲಾಪಿ ಕೆಟ್ಟಿದ್ದರೆ ಅಲ್ಲಿಗೇ ಕೆಲಸ ನಿಂತಿತು. ಭಾರತದ ಡಯಲ್-ಅಪ್ ವೇಗದಲ್ಲಿ ಇಳಿಸಿಕೊಳ್ಳುವ ಮಾತೇ ಇಲ್ಲ. ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಮುತುವರ್ಜಿಯಿಂದ 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿ ಹಂಚತೊಡಗಿದ ಮೇಲೆ ಇಲ್ಲಿ ಅನೇಕರ ಕೈಗೆ ಅದು ಸಿಕ್ಕಿತು.

ಸಿಡಿ ಸಿಕ್ಕರೂ ಡಿಸ್ಕಿನಲ್ಲಿ ಜಾಗ ಬೇಕಲ್ಲ. ಇಡೀ ಡಿಸ್ಕ್ ವಿಂಡೋಸ್‌ನ ಸಿ ಡ್ರೈವ್ ಆಗಿರುತ್ತಿತ್ತು. ಮೊದಲು ಡಿಫ್ರ್ಯಾಗ್ ಮಾಡಿ ಕಡತಗಳನ್ನೆಲ್ಲ ಮುಂದಕ್ಕೆ ಒತ್ತಿ, ಆಮೇಲೆ ಡಾಸ್‌ನಲ್ಲಿ ಫಿಪ್ಸ್ ಎಂಬ ಡಿಸ್ಕ್ ವಿಭಜಿಸುವ ತಂತ್ರಾಂಶ ಓಡಿಸಿ ಹಿಂದಿನ ಖಾಲಿ ಭಾಗ ಕತ್ತರಿಸಬೇಕು. ಕೊನೆಯಲ್ಲಿ ಅಲುಗದ ಒಂದು ಅಡಗು ಕಡತ ಕೂತಿದ್ದರೂ ಫಿಪ್ಸ್ ಅದನ್ನು ದಾಟಿ ಒಳಗೆ ಬರುತ್ತಿರಲಿಲ್ಲ.

ಎಲ್ಲ ಮುಗಿಸಿ ರೀಬೂಟ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಎಲ್-ಐ’ ಎಂಬೆರಡೇ ಅಕ್ಷರ. ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರ್ ಲಿಲೋ (LILO) ತನ್ನ ಹೆಸರನ್ನು ಹಂತಕ್ಕೊಂದು ಅಕ್ಷರದಂತೆ ಬರೆಯುತ್ತಿತ್ತು, ಹಾಗಾಗಿ ನಿಂತ ಜಾಗವೇ ದೋಷದ ಸುಳಿವು. ‘ಎಲ್-ಐ’ ಎಂದರೆ ಎರಡನೇ ಹಂತ ಮೆಮೊರಿಗೆ ಬಂದಿದೆ, ಓಡುತ್ತಿಲ್ಲ. ಬಯೋಸ್ (ಯಂತ್ರ ಎದ್ದೊಡನೆ ಓಡುವ ಒಳ ತಂತ್ರಾಂಶ) ಮತ್ತು ಲಿನಕ್ಸ್ ಡಿಸ್ಕನ್ನು ಬೇರೆಬೇರೆ ಲೆಕ್ಕದಲ್ಲಿ ಅಳೆಯುತ್ತಿರಬಹುದು, ಇಲ್ಲವೇ ಬೂಟ್ ಕಡತ ಜಾಗ ಬದಲಿಸಿರಬಹುದು. ಲಿಲೋಗೆ ಕಡತದ ಹೆಸರು ಗೊತ್ತಿಲ್ಲ, ಅದು ಬರೆದಿಟ್ಟುಕೊಳ್ಳುವುದು ಡಿಸ್ಕಿನ ವಿಳಾಸವನ್ನು. ಹೊಸ ಕರ್ನೆಲ್ (ಲಿನಕ್ಸ್‌ನ ತಿರುಳು) ಹಾಕಿ ಲಿಲೋ ಆಜ್ಞೆ ಮತ್ತೆ ಓಡಿಸಲು ಮರೆತವರೆಲ್ಲ ಬೂಟ್ ಫ್ಲಾಪಿ ಹುಡುಕಿದವರೇ. ಹಳೆಯ ಬಯೋಸ್ ಡಿಸ್ಕಿನ ಸಿಲಿಂಡರ್ (ಸುತ್ತು) ಸಂಖ್ಯೆಗೆ ಕೊಡುತ್ತಿದ್ದುದು 10 ಬಿಟ್, ಅಂದರೆ 1024ರ ಆಚೆ ಅದಕ್ಕೆ ಕಾಣದು. ಎಲ್‌ಬಿಎ ಎಂಬ ವಿಳಾಸ ಪದ್ಧತಿಯ ಲೆಕ್ಕದಲ್ಲಿ ಅದು ಸುಮಾರು 8.4 ಜಿಬಿ. ಅದಕ್ಕೇ ಡಿಸ್ಕಿನ ತಲೆಯಲ್ಲಿ ಇಪ್ಪತ್ತು ಎಂಬಿಯ ಬೂಟ್ ವಿಭಾಗ ಮಾಡಿ ಕರ್ನೆಲ್ ಇಡುವ ರೂಢಿ ಬಂತು.

1998ರ ಜುಲೈನಲ್ಲಿ ರೆಡ್ ಹ್ಯಾಟ್ 5.1ಕ್ಕೆ ಕೆಡಿಇ ಎಂಬ ಚಿತ್ರಮಯ ಡೆಸ್ಕ್‌ಟಾಪ್ ತೊಡಿಸಿ ಮ್ಯಾಂಡ್ರೇಕ್ ಬಂದಾಗ ಪರದೆಗೆ ಅಂದ ಬಂತು. ಆದರೆ ಚಿತ್ರ ಮೂಡಲು ಮಾನಿಟರ್‌ನ ಅಡ್ಡ ಆವರ್ತನ ತಿಳಿದಿರಬೇಕಿತ್ತು. 31.5ರಿಂದ 48.5 ಕಿಲೋಹರ್ಟ್ಸ್ ಎಂದು ಕೊಟ್ಟರೆ 60 ಹರ್ಟ್ಸ್‌ನಲ್ಲಿ 1024×768 ಸಿಗುತ್ತಿತ್ತು. ಮಾನಿಟರ್‌ನ ಮಿತಿ ಮೀರಿದ ಅಂಕಿ ಕೊಟ್ಟರೆ ಪರದೆ ಓಡಾಡುತ್ತದೆ, ಕೆಲವು ಹಳೆಯ ಮಾನಿಟರ್‌ಗಳಂತೂ ಸುಟ್ಟೇ ಹೋಗಬಹುದಿತ್ತು. ಚಿತ್ರಪರದೆಯನ್ನು ಕೂಡಲೇ ನಿಲ್ಲಿಸುವ ಕಂಟ್ರೋಲ್-ಆಲ್ಟ್-ಬ್ಯಾಕ್‌ಸ್ಪೇಸ್ ಮೇಲೆ ಬೆರಳಿಟ್ಟೇ, ಅದನ್ನು ಶುರುಮಾಡುವ ಸ್ಟಾರ್ಟ್‌ಎಕ್ಸ್ ಆಜ್ಞೆ ಹೊಡೆಯುವುದು ಜಾಣತನ. ಇನ್ನು ವಿನ್‌ಮೋಡೆಮ್: ಮೋಡೆಮ್ಮಿನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರ್‌ಗೆ ಹೊರಿಸಿದ ಅಗ್ಗದ ಕಾರ್ಡು, ಹಾಗಾಗಿ ಲಿನಕ್ಸ್‌ನಲ್ಲಿ ಬಹುಮಟ್ಟಿಗೆ ಓಡದು. ಸೀರಿಯಲ್ ಪೋರ್ಟಿನ ಹೊರ ಮೋಡೆಮ್ ಕೊಳ್ಳುವುದೇ ಅದಕ್ಕೆ ಮದ್ದು.

2000ದಲ್ಲಿ ಕ್ಲಾಸ್ ಕ್ನಾಪರ್ ಅವರ ಕ್ನಾಪಿಕ್ಸ್ ಎಂಬ ಲಿನಕ್ಸ್, ಹಾರ್ಡ್ ಡಿಸ್ಕ್ ಮುಟ್ಟದೆ ಸಿಡಿಯಿಂದಲೇ ಎದ್ದು, ಯಂತ್ರಾಂಶವನ್ನು ತಾನೇ ಗುರುತಿಸತೊಡಗಿತು. 2004ರ ಅಕ್ಟೋಬರಿನಲ್ಲಿ ಉಬುಂಟು ಬಂತು. ಮನೆಗೆ ಪುಕ್ಕಟೆ ಸಿಡಿ ಕಳಿಸುವ ಅದರ ಶಿಪ್‌ಇಟ್ 2011ರವರೆಗೂ ನಡೆಯಿತು. ಕಡತ ವ್ಯವಸ್ಥೆಯನ್ನೇ ಓದಬಲ್ಲ ಗ್ರಬ್ ಎಂಬ ಬೂಟ್ ಲೋಡರ್ ಲಿಲೋವನ್ನು ಬದಿಗೆ ಸರಿಸಿತು. ಆದರೂ ಕೆಲವರು ಇಂದಿಗೂ, ಯಾಕೆಂದು ಯೋಚಿಸದೆಯೇ, ಡಿಸ್ಕಿನ ತಲೆಯಲ್ಲಿ ಬೂಟ್‌ಗೆಂದು ಒಂದು ಪುಟ್ಟ ವಿಭಾಗ ಕತ್ತರಿಸಿಡುತ್ತಾರೆ.