ಸ್ಟ್ರೇಟ್ ಅಂದರೆ ನೇರ ಅಲ್ಲ, ಇಕ್ಕಟ್ಟು

ಹೋರ್ಮುಜ್ ಸುದ್ದಿಯಾದಾಗಲೆಲ್ಲ ಟಿವಿಯವರು ‘ಸ್ಟ್ರೇಟ್ ಆಫ್ ಹೋರ್ಮುಜ್’ ಅನ್ನುತ್ತಾರೆ, ಅಂದರೆ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಜಲಸಂಧಿ. ಕೇಳಿದವರಲ್ಲಿ ಹಲವರು ಅದನ್ನು ನೆಟ್ಟಗೆ ಹರಿಯುವ ಕಾಲುವೆ ಎಂದುಕೊಳ್ಳುತ್ತಾರೆ. ಭೂಪಟ ತೆರೆದು ನೋಡಿದರೆ ಸಾಕು. ಹೋರ್ಮುಜ್ ಚೂಪಾಗಿ ಬಾಗಿದೆ. ಇಸ್ತಾಂಬುಲ್ ನಗರವನ್ನು ಸೀಳುವ ಬಾಸ್ಪೊರಸ್ ಸುಮಾರು 30 ಕಿ.ಮೀ. ಉದ್ದಕ್ಕೂ ತಿರುವು ಮುರುವು.

ನೇರ ಅನ್ನುವ ಸ್ಟ್ರೇಟ್ ಬೇರೆ, ಸಮುದ್ರದ ಸ್ಟ್ರೇಟ್ ಬೇರೆ. ಉಚ್ಚಾರ ಒಂದೇ ಆದರೂ ಇಂಗ್ಲಿಷಿನಲ್ಲಿ ಬರೆಯುವ ರೀತಿ ಬೇರೆ, ಕುಲವೂ ಬೇರೆ. ಮೊದಲನೆಯದು ‘ಸ್ಟ್ರೆಚ್’ನ ಹಳೆಯ ರೂಪ, ಎಳೆದು ನೆಟ್ಟಗೆ ಮಾಡಿದ್ದು. ಎರಡನೆಯದು ಹಳೆಯ ಫ್ರೆಂಚ್ ದಾಟಿ ಲ್ಯಾಟಿನ್ನಿನ ‘ಸ್ಟ್ರಿಂಗೆರೆ’ಯಿಂದ ಬಂದದ್ದು. ಸ್ಟ್ರಿಂಗೆರೆ ಅಂದರೆ ಬಿಗಿಯುವುದು. ಈ ಬಿಗಿತದ ಸಂತಾನ ದೊಡ್ಡದು: ಸ್ಟ್ರಿಕ್ಟ್ ಮೇಷ್ಟ್ರು, ಆಫೀಸಿನ ಸ್ಟ್ರೆಸ್, ಕೊನೆಗೆ ನಮ್ಮ ಡಿಸ್ಟ್ರಿಕ್ಟ್ ಕೋರ್ಟ್ ಕೂಡ. ಒಬ್ಬ ಒಡೆಯನ ಹಿಡಿತಕ್ಕೆ ಸಿಕ್ಕ ಪ್ರದೇಶವೇ ಡಿಸ್ಟ್ರಿಕ್ಟ್ ಆಗಿತ್ತು. ಅದೇ ಲ್ಯಾಟಿನ್ ಪದ ಫ್ರೆಂಚರ ಬಾಯಲ್ಲಿ ಸವೆದು ‘ದೇತ್ರ್ವಾ’ ಆಯಿತು, ಅಂದರೆ ಇಕ್ಕಟ್ಟಾದ ನೀರು. 1701ರಲ್ಲಿ ಫ್ರೆಂಚರು ಅಮೆರಿಕದ ಎರಡು ಸರೋವರಗಳ ನಡುವಿನ ಅಂಥ ನೀರಿನ ದಡದಲ್ಲಿ ಕೋಟೆ ಕಟ್ಟಿದರು. ಕಾರುಗಳ ಊರು ಡೆಟ್ರಾಯಿಟ್ ಅದೇ. ಅಲ್ಲಿ ಕೆಲಸಕ್ಕಿರುವ ನಮ್ಮ ಎಂಜಿನಿಯರುಗಳು ಊರಿನ ಹೆಸರು ಹೇಳಿದಾಗೆಲ್ಲ ‘ಡಿಸ್ಟ್ರಿಕ್ಟ್’ ಅಂದಂತೆಯೇ!

ನನಗೆ ಪದಕ್ಕಿಂತ ಇಷ್ಟವಾದದ್ದು ಇಕ್ಕಟ್ಟು ಮಾಡುವ ಕೆಲಸ. ಉಪ್ಪು ಬೇರೆಬೇರೆ ಇರುವ ಎರಡು ಸಮುದ್ರಗಳನ್ನು ಇಂಥ ಸಂದಿಯಲ್ಲಿ ತಂದು ನಿಲ್ಲಿಸಿದರೆ, ನೀರು ಏಕಕಾಲಕ್ಕೆ ಎರಡು ದಿಕ್ಕಿಗೆ ಹರಿಯುತ್ತದೆ, ಒಂದರ ಮೇಲೊಂದು.

1679ರಲ್ಲಿ ಲುಯಿಜಿ ಮಾರ್ಸಿಲಿ ಎಂಬ ಇಟಲಿಯ ತರುಣ ಇಸ್ತಾಂಬುಲಿಗೆ ಹೋದ. ಆಗ ಅವನಿಗೆ ಇಪ್ಪತ್ತೊಂದು. ಬಾಸ್ಪೊರಸ್‌ನಲ್ಲಿ ಮೇಲ್ನೀರು ಕಪ್ಪು ಸಮುದ್ರದಿಂದ ದಕ್ಷಿಣದ ಮರ್ಮರಾ ಸಮುದ್ರಕ್ಕೆ ರಭಸದಿಂದ ಇಳಿಯುವುದು ಎಲ್ಲರಿಗೂ ಕಾಣುತ್ತಿತ್ತು. ಅಡಿಯಲ್ಲಿ ಅದು ಉಲ್ಟಾ ಹರಿಯುತ್ತದೆ ಎಂದು ಹೇಳಿದವರು ಅಲ್ಲಿನ ಮೀನುಗಾರರು. ಮಾರ್ಸಿಲಿ ಅವರ ಮಾತನ್ನು ತಳ್ಳಿಹಾಕಲಿಲ್ಲ, ಹಾಗೆಯೇ ನಂಬಲೂ ಇಲ್ಲ. ಭಾರ ಕಟ್ಟಿದ ಹಗ್ಗಕ್ಕೆ ಬಿಳಿ ಬಣ್ಣದ ಬೆಂಡಿನ ತುಂಡುಗಳನ್ನು ಪೋಣಿಸಿ ನೀರಿಗಿಳಿಸಿದ. ಮೇಲಿನ ತುಂಡುಗಳು ದಕ್ಷಿಣಕ್ಕೆ ವಾಲಿದವು, ಆಳದವು ಉತ್ತರಕ್ಕೆ.

ಅಷ್ಟಕ್ಕೇ ಬಿಡದೆ ಎರಡೂ ಕಡೆಯ ನೀರಿನ ಸಾಂದ್ರತೆ ಅಳೆದ. ಆಮೇಲೆ ಒಂದು ತೊಟ್ಟಿಗೆ ಅಡ್ಡಗೋಡೆ ಹಾಕಿ, ಗೋಡೆಯ ಮೇಲೊಂದು ಕೆಳಗೊಂದು ತೂತು ಕೊರೆದು, ಒಂದು ಬದಿಗೆ ಹೆಚ್ಚು ಉಪ್ಪಿನ ನೀರು, ಇನ್ನೊಂದು ಬದಿಗೆ ಕಡಿಮೆ ಉಪ್ಪಿನ ನೀರು ತುಂಬಿದ. ಉಪ್ಪುನೀರು ಕೆಳತೂತಿನಿಂದ ನುಗ್ಗಿತು, ಹಗುರ ನೀರು ಮೇಲಿನದರಿಂದ ಹಿಂದಿರುಗಿತು. ಸಾಗರ ವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಅದಕ್ಕೆ ಮೊದಲು ನಡೆದದ್ದು ನನಗಂತೂ ಗೊತ್ತಿಲ್ಲ. ನಾಲ್ಕು ವರ್ಷದ ನಂತರ ಇದೇ ಮಾರ್ಸಿಲಿ ಯುದ್ಧದಲ್ಲಿ ಸೆರೆಸಿಕ್ಕಿ, ಗುಲಾಮನಾಗಿ ತುರ್ಕರ ಕಾಫಿ ಅಂಗಡಿಯಲ್ಲಿ ದುಡಿದ, ಬಿಡುಗಡೆಯಾದ ಮೇಲೆ ಕಾಫಿಯ ಬಗ್ಗೆಯೂ ಬರೆದ. ಸುಮ್ಮನೆ ಕೂರುವ ಆಸಾಮಿಯೇ ಅಲ್ಲ.

ಹೀಗೇಕಾಗುತ್ತದೆ? ಡ್ಯಾನ್ಯೂಬ್, ನೀಪರ್‌ನಂಥ ದೊಡ್ಡ ನದಿಗಳು ಸುರಿಯುವ ಕಪ್ಪು ಸಮುದ್ರದ ಮೇಲ್ನೀರಲ್ಲಿ ಕಿಲೋಗೆ ಸುಮಾರು 18 ಗ್ರಾಂ ಉಪ್ಪು. ಮರ್ಮರಾದ ಅಡಿಗೆ ಬಂದು ಸೇರುವ ಮೆಡಿಟರೇನಿಯನ್ ನೀರಿನದು ಸುಮಾರು 38. ನದಿನೀರು ತುಂಬಿ ಕಪ್ಪು ಸಮುದ್ರದ ಮಟ್ಟ ತುಸು ಎತ್ತರ, ಹಾಗಾಗಿ ಮೇಲ್ಭಾಗದಲ್ಲಿ ಒತ್ತಡ ಉತ್ತರದಿಂದ ದಕ್ಷಿಣಕ್ಕೆ. ಆಳಕ್ಕಿಳಿದಂತೆ ದಕ್ಷಿಣದ ಕಡೆ ಪ್ರತಿ ಮೀಟರಿಗೂ ಭಾರದ ನೀರು ಪೇರುತ್ತಾ ಹೋಗುತ್ತದೆ. ಯಾವುದೋ ಒಂದು ಆಳದಲ್ಲಿ ಎರಡೂ ಸಮನಾಗಿ, ಅದರ ಕೆಳಗೆ ದಕ್ಷಿಣದ್ದೇ ಮೇಲುಗೈ. ಎಸಿ ಕೋಣೆಯ ಬಾಗಿಲು ತೆರೆದು ನಿಂತವರ ಪಾದಕ್ಕೆ ತಣ್ಣನೆ ಗಾಳಿ ಸೋಕುವುದು, ತಲೆಯ ಮಟ್ಟದಲ್ಲಿ ಸೆಕೆ ಒಳನುಗ್ಗುವುದು ಇದೇ ಲೆಕ್ಕದಿಂದ.

ಮೆಡಿಟರೇನಿಯನ್ ಅಟ್ಲಾಂಟಿಕ್ಕಿಗೆ ತೆರೆಯುವ ಜಿಬ್ರಾಲ್ಟರ್‌ನಲ್ಲಿ ಸಮುದ್ರದ ಸಂಸಾರ ತಿರುವುಮುರುವು. ಮೆಡಿಟರೇನಿಯನ್ನಿಗೆ ನದಿಗಳು ತರುವುದಕ್ಕಿಂತ ಹೆಚ್ಚು ನೀರನ್ನು ಬಿಸಿಲು ಆರಿಸುತ್ತದೆ. ಕೊರತೆ ತುಂಬಲು ಅಟ್ಲಾಂಟಿಕ್ ಮೇಲಿನಿಂದ ಬರುತ್ತದೆ, ಉಪ್ಪೇರಿದ ನೀರು ಅಡಿಯಲ್ಲಿ ಹೊರಡುತ್ತದೆ. ಅಡಿಯ ದಾರಿ ಗೊತ್ತಿಲ್ಲದ ಕಾಲದಲ್ಲಿ, ಒಳಬಂದ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ನೆಲದಡಿಯ ಸುರಂಗಗಳನ್ನು ಕಲ್ಪಿಸಿದವರೂ ಇದ್ದರು.

ಈಗಿನವರ ಕಲ್ಪನೆ ಇನ್ನೂ ಒಂದು ಕೈ ಮೇಲು. ‘ಎರಡು ಸಮುದ್ರಗಳು ಸೇರುತ್ತವೆ, ಆದರೆ ಎಂದೂ ಬೆರೆಯುವುದಿಲ್ಲ’ ಎಂಬ ವಾಟ್ಸಾಪ್ ವಿಡಿಯೋ ನಿಮಗೂ ಬಂದಿರುತ್ತದೆ, ಕೆಳಗೆ ಪವಾಡ ಎಂಬ ಒಕ್ಕಣೆಯೊಂದಿಗೆ. ಬೆರೆಯುತ್ತವೆ ಸ್ವಾಮಿ! ಭಾರದ ನೀರು ಅಡಿಯಲ್ಲಿದ್ದರೆ ಅದನ್ನು ಎತ್ತಿ ಕಲಸಲು ಶಕ್ತಿ ಬೇಕು, ಅದಕ್ಕೇ ತಡ. ಇಕ್ಕಟ್ಟಿನಲ್ಲಿ ಎದುರುಬದುರು ಉಜ್ಜಿಕೊಂಡು ಓಡುವ ಎರಡು ಪದರಗಳ ನಡುವೆ ಸುಳಿಗಳೆದ್ದು ಕಲಸುವ ಕೆಲಸ ನಡೆಯುತ್ತಲೇ ಇರುತ್ತದೆ. ವಿಡಿಯೋದಲ್ಲಿ ಕಾಣುವ ಗೆರೆ ಬಹುಪಾಲು ನದಿ ತಂದ ಕೆಸರಿನ ಅಂಚು.

ಇನ್ನು ಹೋರ್ಮುಜ್. ಅದೇ ಹೆಸರಿನ ಬಂದರಿನಿಂದ ವಿಜಯನಗರದ ಅರಸರಿಗೆ ಕುದುರೆಗಳು ಹಡಗೇರಿ ಬರುತ್ತಿದ್ದವು. ಭಟ್ಕಳದಲ್ಲೋ ಗೋವೆಯಲ್ಲೋ ಇಳಿದು ಘಟ್ಟ ಹತ್ತುತ್ತಿದ್ದವು. ಆ ಕುದುರೆ ವ್ಯಾಪಾರ ಇತಿಹಾಸದ ಪುಸ್ತಕ ಸೇರಿತು. ನೀರಿನ ವ್ಯಾಪಾರ ನಿಂತಿಲ್ಲ. ಪರ್ಷಿಯನ್ ಕೊಲ್ಲಿಯೂ ಮೆಡಿಟರೇನಿಯನ್ನಿನಂತೆ ಬಿಸಿಲಿಗೆ ಆರುವ ಕಡಲು, ಉಪ್ಪು ಕಿಲೋಗೆ 40 ಗ್ರಾಂ ಆಸುಪಾಸು. ಆ ಭಾರದ ನೀರು ಹೋರ್ಮುಜ್‌ನ ಅಡಿಯಿಂದ ಜಾರಿ, ಒಮಾನ್ ಕೊಲ್ಲಿಯಲ್ಲಿ ಮುಳುಗಿ, ತನ್ನಷ್ಟೇ ಭಾರದ ನೀರು ಸಿಕ್ಕ ಆಳದಲ್ಲಿ ಅಡ್ಡಕ್ಕೆ ಹರಡುತ್ತದೆ. ಅರಬ್ಬಿ ಸಮುದ್ರದಲ್ಲಿ ಉಪಕರಣ ಇಳಿಸುವ ವಿಜ್ಞಾನಿಗಳಿಗೆ 200–300 ಮೀಟರ್ ಆಳದಲ್ಲಿ ಉಪ್ಪು ಒಮ್ಮೆ ಏರಿ ಮತ್ತೆ ಇಳಿಯುವ ಪದರವಾಗಿ ಅದು ಗುರುತು ಸಿಗುತ್ತದೆ.