ಓದುಗರ ಪ್ರಶ್ನೆ: ಕೈಯಲ್ಲಿ 3 ಲಕ್ಷ ಇದೆ, ದಾವಣಗೆರೆಯಲ್ಲಿ ಯಾವ ಬಿಸಿನೆಸ್ ಶುರು ಮಾಡಲಿ?

"ಉಳಿಸಿದ ದುಡ್ಡು ಸುಮಾರು 3 ಲಕ್ಷ ಇದೆ. ಬೆಂಗಳೂರಿಗೆ ಹೋಗಲು ಮನಸ್ಸಿಲ್ಲ. ಇಲ್ಲೇ ಸ್ವಂತದ್ದು ಏನಾದರೂ ಮಾಡಬೇಕು. ಈಗ ಯಾವ ಬಿಸಿನೆಸ್ ಚೆನ್ನಾಗಿ ಓಡುತ್ತೆ ಹೇಳಿ."

ಈ ಪ್ರಶ್ನೆ ನಮಗೆ ಮತ್ತೆ ಮತ್ತೆ ಬರುತ್ತದೆ, ಮೊತ್ತ ಮಾತ್ರ ಬೇರೆ ಬೇರೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇವೆ. ಈ ವಾರ ಕೊಂಡವರು ಮುಂದಿನ ವಾರವೂ ಬಂದು ಕೊಳ್ಳುವ ವಸ್ತು ಅಥವಾ ಕೆಲಸವನ್ನು ಆರಿಸಿಕೊಳ್ಳಿ. ಅದೂ ನಿಮ್ಮ ಕೈಗೆ ಅಥವಾ ನಿಮ್ಮ ಮನೆಯವರ ಕೈಗೆ ಬರುವ ಕೆಲಸ ಆಗಿರಲಿ. ಹೆಸರು ಹಿಡಿದು ಹತ್ತು ಗಿರಾಕಿಗಳನ್ನು ಹೇಳಲು ಆಗದಿದ್ದರೆ, ಆ ಐಡಿಯಾಗೆ ದುಡ್ಡು ಹಾಕಬೇಡಿ.

ದಾವಣಗೆರೆಯಲ್ಲಿ ಈ ಮಾತು ಬಂದ ಕೂಡಲೇ ಬೆಣ್ಣೆ ದೋಸೆ ಹೋಟೆಲ್ ನೆನಪಾಗುತ್ತದೆ. ಹೆಸರಿದೆ, ತಿನ್ನುವವರಿದ್ದಾರೆ, ನಿಜ. ಆದರೆ ಹಳೇ ಹೋಟೆಲ್‌ಗಳಿಗೆ ಅಪ್ಪನ ಕಾಲದಿಂದ ಬರುವ ಗಿರಾಕಿಗಳಿದ್ದಾರೆ. ಬೆಣ್ಣೆ ದರ ಏರಿದಾಗ ಅವರು ದೋಸೆ ದರವನ್ನೂ ಏರಿಸಬಲ್ಲರು, ಹೊಸಬರಿಗೆ ಅದು ಕಷ್ಟ. ಅದಕ್ಕಿಂತ ದೊಡ್ಡ ಪ್ರಶ್ನೆ, ಹಂಚಿನ ಮುಂದೆ ನಿಲ್ಲುವವರು ಯಾರು? ಭಟ್ಟರು ಕೆಲಸ ಬಿಟ್ಟ ದಿನ ಬಾಗಿಲು ಹಾಕಬೇಕು ಅಂದರೆ ಆ ಹೋಟೆಲ್ ನಿಮ್ಮ ಹಿಡಿತದಲ್ಲಿಲ್ಲ. ನಿಮಗೇ ದೋಸೆ ಹುಯ್ಯಲು ಬಂದರೆ ಮಾತು ಬೇರೆ.

ಈಗಾಗಲೇ ಜೋರಾಗಿ ನಡೆಯುತ್ತಿರುವ ವ್ಯಾಪಾರದ ಪಕ್ಕದಲ್ಲಿ ಏನು ಕೊರತೆ ಇದೆ ಅಂತ ನೋಡುವುದು ಒಳ್ಳೆಯದು. ಮಂಡಕ್ಕಿ ಭಟ್ಟಿ ಹಾಕಿ ಹಳಬರ ಜೊತೆ ಪೈಪೋಟಿಗೆ ಇಳಿಯುವ ಬದಲು, ಅವರಿಂದಲೇ ಮಂಡಕ್ಕಿ ಕೊಂಡು ಖಾರಾ ಮಂಡಕ್ಕಿ ಪ್ಯಾಕ್ ಮಾಡಿ ಮಾರಬಹುದು. ಚಳ್ಳಕೆರೆ ಕಡೆಯವರಿಗೆ ಶೇಂಗಾ ಕೈಗೆ ಹತ್ತಿರ. ಚಿಕ್ಕಿ, ಚಟ್ನಿಪುಡಿ, ಗಾಣದ ಎಣ್ಣೆ ಎಲ್ಲವೂ ಅದರಿಂದಲೇ. ಚಿತ್ರದುರ್ಗದ ಹಳ್ಳಿಗಳು ಬೋರ್‌ವೆಲ್ ನಂಬಿಕೊಂಡಿವೆ. ಬೇಸಿಗೆಯಲ್ಲಿ ಮೋಟಾರ್ ಸುಟ್ಟರೆ ರೈತರು ಒಂದು ದಿನವೂ ಕಾಯುವಂತಿಲ್ಲ. ಐಟಿಐ ಮಾಡಿ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ತಂತಿ ಮತ್ತೆ ಸುತ್ತುವ ಕೆಲಸ) ಕಲಿತವರಿಗೆ ಇದಕ್ಕಿಂತ ಗಟ್ಟಿ ಕೆಲಸ ಸಿಗುವುದು ಅಪರೂಪ ಅನ್ನುವುದು ನಮ್ಮ ಅಭಿಪ್ರಾಯ.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಎಷ್ಟೋ ಐಡಿಯಾಗಳು ಸೋಲುವುದು ಇಲ್ಲೇ.

ದಾವಣಗೆರೆಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿವೆ, ವಿಶ್ವವಿದ್ಯಾಲಯ ಇದೆ. ಹಾಗಾಗಿ ಪಿಜಿ, ಮೆಸ್‌ಗಳು ಜಾಸ್ತಿ. ನೀವು ಅವರಿಗೆ ಜೋಳದ ರೊಟ್ಟಿ ಕೊಡಬೇಕು ಅಂದುಕೊಂಡಿದ್ದೀರಿ ಅಂತ ಇಟ್ಟುಕೊಳ್ಳೋಣ. ಒಂದು ರೊಟ್ಟಿಗೆ 10 ರೂಪಾಯಿ. ಹಿಟ್ಟು, ಗ್ಯಾಸ್, ಬಡಿಯುವವರ ಕೂಲಿ ಸೇರಿ ಆರೂವರೆ ರೂಪಾಯಿ ಖರ್ಚು. ಉಳಿಯುವುದು ಮೂರೂವರೆ. ಬಾಡಿಗೆ, ಕರೆಂಟು, ಸಾಲದ ಕಂತು ಸೇರಿ ತಿಂಗಳಿಗೆ 12,000. ಮನೆಗೆ ಕನಿಷ್ಠ 20,000 ಬೇಕು. ಒಟ್ಟು 32,000. ಇದನ್ನು ಮೂರೂವರೆಯಿಂದ ಭಾಗಿಸಿ. ತಿಂಗಳಿಗೆ ಒಂಬತ್ತು ಸಾವಿರಕ್ಕೂ ಹೆಚ್ಚು ರೊಟ್ಟಿ, ಅಂದರೆ ದಿನಕ್ಕೆ ಸುಮಾರು 300.

ಈಗ ಪ್ರಶ್ನೆ ಸ್ಪಷ್ಟವಾಯಿತು, ಅಲ್ವಾ? ದಿನಾ 30 ರೊಟ್ಟಿ ತೆಗೆದುಕೊಳ್ಳುವ ಹತ್ತು ಮೆಸ್ಸುಗಳು ಸಿಗುತ್ತವಾ? ಹೋಗಿ ಕೇಳಿ. "ಚೆನ್ನಾಗಿದೆ, ಮಾಡಿ" ಅನ್ನುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ದುಡ್ಡು ಕೊಟ್ಟು ಕೊಂಡವರನ್ನು ಮಾತ್ರ ಎಣಿಸಿ.

ಅಲ್ಲಿಗೂ ಮುಗಿಯಲಿಲ್ಲ. ಮೆಸ್‌ನವರು ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತೇವೆ ಅಂದರೆ ಅದು ಉದ್ರಿ ವ್ಯಾಪಾರ. ದಿನಕ್ಕೆ 300 ರೊಟ್ಟಿಯ ಹಿಟ್ಟು, ಗ್ಯಾಸ್, ಕೂಲಿ ಅಂತ ಒಂದು ತಿಂಗಳಿಗೆ 58,500 ರೂಪಾಯಿ ನಿಮ್ಮ ಕೈಯಿಂದಲೇ ಹೋಗಿರುತ್ತದೆ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದರೆ ಆರ್ಡರ್ ಕುಸಿಯುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ 3 ಲಕ್ಷದಲ್ಲಿ ಅರ್ಧವನ್ನಾದರೂ ಮುಟ್ಟದೆ ಇಡಿ. ಅಂಗಡಿ ಅಡ್ವಾನ್ಸು, ಬೋರ್ಡು, ಪೇಂಟು ಅಂತ ಮೊದಲ ತಿಂಗಳೇ ಎಲ್ಲ ಖಾಲಿ ಮಾಡಿಕೊಂಡವರಿಗೆ ವ್ಯಾಪಾರ ಕುದುರುವವರೆಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಅಂಗಡಿ ಹಿಡಿಯುವ ಮೊದಲು ಒಂದೆರಡು ತಿಂಗಳು ಮನೆಯಿಂದಲೇ ಸಣ್ಣದಾಗಿ ಮಾಡಿ ನೋಡಿ. ತಿನ್ನುವ ಪದಾರ್ಥ ಆದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು, ಮನೆಯಲ್ಲಿ ಮಾಡಿದರೂ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ಆಧಾರ್, ಪ್ಯಾನ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ನೀವೇ ಮಾಡಿಕೊಳ್ಳಬಹುದು.

ಒಂದು ವಿಷಯದಲ್ಲಿ ದಯವಿಟ್ಟು ಎಚ್ಚರ. "ಮಷೀನ್ ನಮ್ಮ ಹತ್ತಿರ ಕೊಳ್ಳಿ, ನೀವು ಮಾಡಿದ ಮಾಲನ್ನು ನಾವೇ ವಾಪಸ್ ಕೊಳ್ಳುತ್ತೇವೆ" ಅನ್ನುವ ಜಾಹೀರಾತು ಕರ್ಪೂರ, ಬತ್ತಿ, ಪೇಪರ್ ಪ್ಲೇಟ್ ಹೆಸರಲ್ಲಿ ಬರುತ್ತಿರುತ್ತದೆ. ಇಂಥ ಕಡೆ ನಿಮಗೆ ಇರುವುದು ಒಬ್ಬರೇ ಗಿರಾಕಿ, ಅವರೇ ಮಷೀನ್ ಮಾರಿದವರು. ನಾಳೆ ಅವರು ಫೋನ್ ಎತ್ತದಿದ್ದರೆ ಮನೆ ತುಂಬಾ ಮಾಲು ಉಳಿಯುತ್ತದೆ. ಎಷ್ಟೋ ಮನೆಗಳ ಹೆಣ್ಣುಮಕ್ಕಳ ಉಳಿತಾಯ ಹೀಗೆ ಹೋಗಿದೆ.

ಸಬ್ಸಿಡಿ ನೋಡಿ ಐಡಿಯಾ ಆರಿಸಬೇಡಿ. ಸ್ವಂತ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯ ಸಹಾಯಧನ ಕೈಗೆ ಬರುವುದಿಲ್ಲ. ಅದು 3 ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅಲ್ಲಿಯವರೆಗೆ ಘಟಕ ನಡೆಯುತ್ತಿರಬೇಕು. ಆ ಯೋಜನೆಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ. ಹಾಗಾಗಿ ದೊಡ್ಡದಾಗಿ ಶುರು ಮಾಡುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಈಗಿನ ನಿಯಮ ಕೇಳಿಕೊಳ್ಳಿ. ಸಣ್ಣ ಮೊತ್ತ ಸಾಕು ಅಂದರೆ ಮುದ್ರಾ ಸಾಲದ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಕೆಲಸವೇ ಗೊತ್ತಿಲ್ಲ ಅನ್ನುವವರಿಗೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ.